ಅಪಘಾತದ ವೇಳೆ ಗಾಡಿ ಓಡಿಸುತ್ತಿದ್ದವರು

ಡಬ್!

ಶಬ್ದವೇನೂ ದೊಡ್ಡದಲ್ಲ. ಸಿಟ್ಟು ಬಂದಾಗ ಬೀರುವಿನ ಬಾಗಿಲು ಹಾಕುತ್ತೇವಲ್ಲ, ಅಷ್ಟೇ. ಆದರೆ ಅವಳ ಎದೆಯೊಳಗೆ ಅದು ನಿಲ್ಲಲೇ ಇಲ್ಲ.

ಅಡ್ಡರಸ್ತೆಯಿಂದ ದೊಡ್ಡ ರಸ್ತೆಗೆ ಹೊರಳುತ್ತಿದ್ದ ಡ್ರೈವಿಂಗ್ ಸ್ಕೂಲಿನ ಕಾರು, ಒಂದು ಬೂದು ಬಣ್ಣದ ಕಾರಿನ ಹಿಂಬಾಗಿಲಿಗೆ ಮೂತಿ ಗುದ್ದಿತ್ತು. ಗುದ್ದಿಸಿಕೊಂಡ ಕಾರು ಹತ್ತು ಮಾರು ಮುಂದೆ ಹೋಗಿ, ಇಂಡಿಕೇಟರ್ ಹಾಕಿ, ಶಿಸ್ತಾಗಿ ಬದಿಗೆ ನಿಂತಿತು.

"ಏನಮ್ಮಾ ಅದು? ಏನಾಯ್ತು?" ಸ್ಟೀರಿಂಗ್ ಹಿಡಿದು ಕೂತಿದ್ದ ಅಪ್ಪ ಕೇಳಿದರು.

ಏನಾಯ್ತಾ!... ಬೆಳಗಿನ ಹತ್ತು ಗಂಟೆ, ಕಣ್ಣು ಕುಕ್ಕುವ ಬಿಸಿಲು, ಎದುರಿಗೆ ಇಡೀ ಒಂದು ಕಾರು... ಅಪ್ಪನಿಗೆ ಕಾಣಿಸಲೇ ಇಲ್ವಾ?

ಎರಡು ತಿಂಗಳಿಂದ ಅವಳಿಗೆ ಅನುಮಾನವಿತ್ತು. ಅಪ್ಪ ಪೇಪರನ್ನು ಓರೆಯಾಗಿ ಹಿಡಿದು ಓದುತ್ತಿದ್ದರು. ಲೋಟಕ್ಕೆ ಹಾಕಬೇಕಾದ ನೀರನ್ನು ಮೇಜಿಗೆ ಸುರಿಯುತ್ತಿದ್ದರು. ವಯಸ್ಸಾಯ್ತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಇವತ್ತು ಆ ಸಮಾಧಾನಕ್ಕೂ ಪೆಟ್ಟು ಬಿತ್ತು.

ಅವಳ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಡ್ರೈವಿಂಗ್ ಸ್ಕೂಲಿನ ಕಾರಲ್ಲವೇ, ಪಕ್ಕದಲ್ಲಿ ಕೂತು ಕಲಿಸುವವರಿಗೂ ಒಂದು ಬ್ರೇಕ್ ಇರುತ್ತದೆ. ದಿನವಿಡೀ "ಬ್ರೇಕ್! ಬ್ರೇಕ್!" ಎಂದು ಕೂಗಿ ಕೂಗಿ, ಕಲಿಯುವವರ ಬಾಯಲ್ಲಿ 'ಬ್ರೇಕ್ ಮೇಡಂ' ಎನಿಸಿಕೊಂಡವಳು ಇವಳು. ಬೇಕಾದ ಆ ಒಂದು ಕ್ಷಣದಲ್ಲಿ ಮಹಾರಾಯ್ತಿ ಫೋನ್ ನೋಡುತ್ತಾ ಕೂತಿದ್ದಳು!

ಬೂದು ಕಾರಿನ ಬಾಗಿಲು ತೆರೆಯಿತು.

"ಅಪ್ಪಾ, ಈ ಕಡೆ ಬನ್ನಿ."

"ಯಾಕೆ?"

"ಬನ್ನಿ ಅಂದ್ರೆ ಬನ್ನಿ ಅಪ್ಪಾ, ಬೇಗ!"

ಆರಡಿ ಎತ್ತರದ ಅಪ್ಪ ಮೈಯನ್ನು ಮಡಚಿಕೊಂಡು ಗೇರ್ ದಾಟಿ ಈಚೆಗೆ ಬಂದರು. ಐದಡಿ ಮುಟ್ಟಲು ಚಪ್ಪಲಿಯ ಸಹಾಯ ಬೇಕಾದ ಮಗಳು ಆಚೆಗೆ ಹೋದಳು. ಅಷ್ಟರಲ್ಲಿ ಆ ಕಾರಿನವನು ಹತ್ತಿರ ಬಂದೇಬಿಟ್ಟ.

ಜಗಳಕ್ಕೆ ಸಿದ್ಧಳಾಗಿಯೇ ಕೆಳಗಿಳಿದಳು. ಆದರೆ ಅವನು ಕೇಳಿದ ಮೊದಲ ಮಾತು, "ಯಾರಿಗೂ ಪೆಟ್ಟಾಗಿಲ್ಲ ತಾನೆ?"

ಅವಳು ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ತಿಳಿಯದೆ ನಿಂತಳು. ಮೂವತ್ತರ ಆಸುಪಾಸಿನ ಮುಖ, ಜೇಬಿನಲ್ಲಿ ಎರಡು ಪೆನ್ನು, ನಿದ್ದೆಗೆಟ್ಟವನಂಥ ಕಣ್ಣು. ಆದರೆ ನೋಟ ಮಾತ್ರ ನೆಟ್ಟಗೆ.

"ಇಲ್ಲ... ತಪ್ಪು ನಂದೇ. ರಿಪೇರಿ ಎಷ್ಟಾದ್ರೂ ಆಗ್ಲಿ, ಕೈಯಿಂದ ಕೊಟ್ಬಿಡ್ತೀನಿ."

"ಕೈಯಿಂದ ಯಾಕೆ? ವರ್ಷಾ ವರ್ಷಾ ಇನ್ಶೂರೆನ್ಸ್ ಕಟ್ಟೋದು ಇದಕ್ಕೇ ಅಲ್ವಾ?"

"ಇಷ್ಟು ಸಣ್ಣದಕ್ಕೆ ಇನ್ಶೂರೆನ್ಸ್ ಯಾಕ್ರೀ? ಇಲ್ಲೇ ಮುಗಿಸಿಬಿಡೋಣ. ನಿಮಗೂ ಅಲೆದಾಟ ತಪ್ಪುತ್ತೆ."

ಅವನು ಜೇಬಿನಿಂದ ಪುಟ್ಟದೊಂದು ಅಳತೆ ಟೇಪು ತೆಗೆದು ತನ್ನ ಕಾರಿನ ತಗ್ಗನ್ನು ಅಳೆದ. ಆಮೇಲೆ ಅವಳ ಕಾರಿನ ಮೂತಿಯನ್ನು ಅಳೆದ. ಕೊನೆಗೆ ತೆರೆದೇ ಇದ್ದ ಬಾಗಿಲಲ್ಲಿ ಬಗ್ಗಿ ಡ್ರೈವರ್ ಸೀಟನ್ನು ನೋಡಿದ. ನೋಡುತ್ತಲೇ ಇದ್ದ.

"ಗಾಡಿ ನೀವೇ ಓಡಿಸ್ತಿದ್ರಾ?"

"ಹೌದು!"

ಮಾತು ಬೇಕಾದ್ದಕ್ಕಿಂತ ಜೋರಾಗಿ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

"ಡ್ರೈವಿಂಗ್ ಕಲಿಸೋರು ನೀವು?"

"ಆರು ವರ್ಷದಿಂದ."

"ಸೀಟ್ ಇಷ್ಟು ಹಿಂದೆ ಇಟ್ಕೊಂಡು ಕಲಿಸ್ತೀರಾ? ನಿಮ್ಮ ಕಾಲು ಬ್ರೇಕ್‌ಗೆ ಸಿಗಬೇಕಲ್ಲ."

ಮೊದಲ ದಿನ, ಮೊದಲ ಪಾಠ ಎಂದು ಅವಳೇ ಎಲ್ಲರಿಗೂ ಹೇಳಿಕೊಡುವುದು ಇದನ್ನೇ. ಕೂತ ಕೂಡಲೇ ಸೀಟು ಎಳೆದುಕೊಳ್ಳಿ, ಕನ್ನಡಿ ಸರಿಮಾಡಿಕೊಳ್ಳಿ, ಆಮೇಲೆ ಕೀಲಿಗೆ ಕೈ ಹಾಕಿ. ಆರು ವರ್ಷ ಊರಿಗೆಲ್ಲ ಹೇಳಿದ್ದನ್ನು ಅವಳೊಬ್ಬಳೇ ಮರೆತಿದ್ದಳು.

ಪಕ್ಕದ ಸೀಟಿನಲ್ಲಿ ಅಪ್ಪ ನೇರ ಮುಂದೆ ನೋಡುತ್ತಾ ಕೂತಿದ್ದರು. ಅವನು ಅವರನ್ನೊಮ್ಮೆ ನೋಡಿದ. ಅವಳ ಕೈಗೊಂದು ಕಾರ್ಡು ಕೊಟ್ಟು ಹೊರಟುಹೋದ.

'ವಾಹನ ವಿಮೆ ಸರ್ವೇಯರ್' ಎಂದು ಬರೆದಿತ್ತು.

ಅಯ್ಯೋ! ಜಜ್ಜಿದ ಗಾಡಿಗಳನ್ನು ನೋಡಿ, ಹೇಗಾಯಿತು, ಯಾರಿಂದಾಯಿತು ಎಂದು ಹೇಳುವುದೇ ಕಸುಬಾದ ಮನುಷ್ಯ! ಈ ಊರಿನಲ್ಲಿ ಗುದ್ದಲು ಅವಳಿಗೆ ಬೇರೆ ಕಾರೇ ಸಿಗಲಿಲ್ಲವೇ?

* * *

ಅವಳಿಗೆ ಇನ್ಶೂರೆನ್ಸ್ ಎಂದರೆ ಭಯವಿರಲಿಲ್ಲ. ಅವಳಿಗೆ ಭಯವಿದ್ದದ್ದು ಅದರ ಫಾರಂನ ಒಂದೇ ಒಂದು ಸಾಲಿನ ಬಗ್ಗೆ. 'ಅಪಘಾತದ ವೇಳೆ ಗಾಡಿ ಓಡಿಸುತ್ತಿದ್ದವರು.'

ಅಲ್ಲಿ ಅಪ್ಪನ ಹೆಸರು ಬಂದರೆ ಕಣ್ಣಿನ ಪರೀಕ್ಷೆಯಾಗುತ್ತದೆ. ಪರೀಕ್ಷೆಯಾದರೆ ಅವರ ಲೈಸೆನ್ಸ್ ಹೋಗುತ್ತದೆ. ಸ್ಕೂಲು ಇರುವುದೂ ಅವರ ಹೆಸರಿನಲ್ಲೇ. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಸ್ಕೂಲಲ್ಲ. ಅಮ್ಮ ತೀರಿಕೊಂಡ ಮೂರನೇ ದಿನ ಅಪ್ಪ ಎದ್ದು, ಮುಖ ತೊಳೆದು, ಕಾರಿನಲ್ಲಿ ಹೋಗಿ ಕೂತಿದ್ದರು. ಆ ಸೀಟು ಇರುವುದರಿಂದಲೇ ಅವರು ಬದುಕಿದ್ದಾರೆಂದು ಅವಳು ನಂಬಿದ್ದಳು. ಇಪ್ಪತ್ತೆಂಟು ವರ್ಷದಿಂದ ಊರಿಗೆ ಊರೇ 'ಮೇಷ್ಟ್ರೇ' ಎಂದು ಕೈಯೆತ್ತುವ ಮನುಷ್ಯನನ್ನು ಆ ಸೀಟಿನಿಂದ ಎಬ್ಬಿಸುವವಳು ಮಗಳೇ ಆಗಬೇಕೇ?

ಊಹೂಂ! ದುಡ್ಡು ಕೊಟ್ಟು ಮುಗಿಸುವುದೊಂದೇ ದಾರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮರುದಿನ ಅವನ ಆಫೀಸಿನ ಎದುರಿನ ಕ್ಯಾಂಟೀನಿಗೆ ಹೋದಳು. ಚೀಲದಲ್ಲಿ ಬ್ಯಾಂಕಿನಿಂದ ಬಿಡಿಸಿ ತಂದ ಕವರ್ ಇತ್ತು. ಅವನು ಎರಡು ಟೀ ಹೇಳಿದ. ಅವಳು ಕವರನ್ನು ಮೇಜಿನ ಮೇಲೆ ಅವನತ್ತ ತಳ್ಳಿದಳು. ಅವನು ಕವರನ್ನು ಮುಟ್ಟಲಿಲ್ಲ. ಬಿಸಿ ಟೀ ಗ್ಲಾಸನ್ನು ಮಾತ್ರ ಅವಳ ಕೈಗೆ ತಾಗದಂತೆ ಪಕ್ಕಕ್ಕೆ ಸರಿಸಿದ.

ಅಷ್ಟು ಸಣ್ಣ ಕೆಲಸ. ಅವಳಿಗೆ ಯಾಕೋ ಅಳು ಬಂದಂತಾಯಿತು. ಛೆ, ಶತ್ರುವಿನ ಮುಂದೆ ಇದೇನು!

"ಇದನ್ನ ಒಳಗಿಡಿ ಮೊದಲು. ಸರ್ವೇಯರ್ ಹೋಟೆಲಲ್ಲಿ ಕೂತು ಕವರ್ ಇಸ್ಕೊಂಡ ಅಂದ್ರೆ ಜನ ಏನಂತಾರೆ?"

"ಜನಕ್ಕೆ ಯಾರು ಹೇಳ್ತಾರೆ?"

"ನನಗೆ ಗೊತ್ತಿರುತ್ತಲ್ಲ."

"ಹಾಗಾದ್ರೆ ಫಾರಂ ತುಂಬಿ. ಓಡಿಸ್ತಿದ್ದೋರು ಅಂತ ನನ್ನ ಹೆಸರು ಬರೀರಿ. ಸೈನ್ ಹಾಕ್ತೀನಿ."

"ಅದು ಸುಳ್ಳು."

"ನೀವು ನೋಡಿದ್ರಾ?"

"ನಾನು ಯಾವತ್ತೂ ನೋಡಿರಲ್ಲ. ಆಮೇಲೆ ಹೋಗಿ ತಿಳ್ಕೊಳ್ಳೋದೇ ನನ್ನ ಕೆಲಸ." ಅವನ ದನಿ ತಗ್ಗಿತು. "ನಿಮ್ಮ ತಂದೆಗೆ ಎಷ್ಟು ಕಾಣುತ್ತೆ?"

ಅವಳು ಗ್ಲಾಸನ್ನೇ ದಿಟ್ಟಿಸಿದಳು.

"ಇವತ್ತು ನನ್ನ ಬಾಗಿಲು. ನಾಳೆ ಯಾವುದೋ ಸ್ಕೂಲ್ ಮುಂದೆ..."

"ಸಾಕು ನಿಲ್ಸಿ!"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ಕದಲಲಿಲ್ಲ.

"ಮುಂದಿನ ವಾರ ಬಿಟ್ಟು ಬರೋ ಸೋಮವಾರದವರೆಗೆ ಫಾರಂ ಕೊಡಲ್ಲ. ಅಲ್ಲಿಯವರೆಗೆ ಅವರು ಸ್ಟೀರಿಂಗ್ ಮುಟ್ಟದ ಹಾಗೆ ನೋಡ್ಕೊಳ್ಳಿ. ನೀವೇ ಅವರ ಹತ್ರ ಮಾತಾಡಿ. ಆಮೇಲೆ..."

"ಆಮೇಲೆ? ಆಮೇಲೆ ಏನ್ ಮಾಡ್ತೀರಿ? ಹೆದರಿಸ್ತಿದ್ದೀರಾ ನನ್ನ? ಕಾಗದದ ಮೇಲೆ ಬದುಕೋ ನಿಮಗೆ ಮನುಷ್ಯರ ಕಷ್ಟ ಎಲ್ಲಿ ಅರ್ಥ ಆಗ್ಬೇಕು!"

ಕವರ್ ಬಾಚಿಕೊಂಡು ಎದ್ದೇಬಿಟ್ಟಳು. ಇನ್ನೊಂದು ನಿಮಿಷ ಕೂತಿದ್ದರೆ ಅವನು, "ಆಮೇಲೆ ಏನೇ ಬಂದ್ರೂ ನಾನು ಜೊತೆಗಿರ್ತೀನಿ" ಎನ್ನುತ್ತಿದ್ದ. ಆದರೆ ಕೋಪಕ್ಕೆ ಎಂದಾದರೂ ಒಂದು ನಿಮಿಷ ಕೂರುವ ತಾಳ್ಮೆ ಇದ್ದದ್ದುಂಟೇ? ಎರಡು ಟೀಯ ಮುಂದೆ ಅವನೊಬ್ಬನೇ ಉಳಿದ.

* * *

ಅಪ್ಪನನ್ನು ಸ್ಟೀರಿಂಗಿನಿಂದ ದೂರ ಇಡಲು ಅವಳು ಹೇಳಿದ ಸುಳ್ಳುಗಳು ಒಂದೆರಡಲ್ಲ. ಕ್ಲಚ್ ಕೆಟ್ಟಿದೆ. ಗಾಡಿ ಸರ್ವೀಸಿಗೆ ಹೋಗಬೇಕು. ಇವತ್ತು ಬಂದವರಿಗೆ ಹೆಂಗಸರೇ ಕಲಿಸಬೇಕಂತೆ. ಅಪ್ಪ ಹೂಂಗುಟ್ಟುತ್ತಾ ಕುರ್ಚಿಯಲ್ಲಿ ಕೂರುತ್ತಿದ್ದರು. ಆ ಹೂಂ ಕೇಳಿದಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು.

ಮೂರನೇ ದಿನ ಅವಳಿಗೊಂದು ಉಪಾಯ ಹೊಳೆಯಿತು. ಡೆಂಟೇ ಇಲ್ಲದಿದ್ದರೆ ಫಾರಂ ಎಲ್ಲಿಂದ ಬರುತ್ತದೆ?

ಬೂದು ಕಾರು ಖರ್ಚಿನ ಅಂದಾಜಿಗೆಂದು ಒಂದು ಗ್ಯಾರೇಜಿನಲ್ಲಿ ನಿಂತಿತ್ತು. ಗ್ಯಾರೇಜಿನ ಯಜಮಾನನನ್ನು ಎಲ್ಲರೂ 'ಸುತ್ತಿಗೆಯಣ್ಣ' ಎನ್ನುತ್ತಿದ್ದರು. ತಗಡಿನ ಮೇಲೆ ಕಿವಿಯಿಟ್ಟು ಬಡಿಯುವ ಆಸಾಮಿ. ಅವನ ಬಿಲ್ಲುಗಳನ್ನು ಪಾಸು ಮಾಡುವುದೂ ಇದೇ ಸರ್ವೇಯರ್.

"ಅಣ್ಣಾ, ಆ ಕಾರಿನ ಬಾಗಿಲು ರಿಪೇರಿ ಮಾಡ್ಬಿಡಿ. ದುಡ್ಡು ನಾನು ಕೊಡ್ತೀನಿ."

"ಸರ್ ಹೇಳಿದ್ರಾ? ಅವರು ಅಂದಾಜು ಮಾತ್ರ ಬರಿ ಅಂದಿದ್ರು."

"ಹೂಂ... ಹೇಳಿದ್ರು." ಇನ್ನೊಂದು ಸುಳ್ಳು. "ಬಿಲ್ ಬೇಡ. ನನ್ನ ಹೆಸರೂ ಎಲ್ಲೂ ಬರೀಬೇಡಿ."

ಸುತ್ತಿಗೆಯಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಓಹೋ! ಗಂಡ ಹೆಂಡ್ತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಬಾಗಿಲು ಬಡವಾಗಿದೆಯಾ?"

"ಅಣ್ಣಾ! ನಾವು ಆ ಥರ ಅಲ್ಲ!"

ಅವಳ ಕಿವಿ ಯಾಕೆ ಬಿಸಿಯಾಯಿತು ಎಂದು ನನ್ನನ್ನು ಕೇಳಬೇಡಿ. ಅವಳನ್ನೇ ಕೇಳಿದರೂ ಹೇಳುತ್ತಿರಲಿಲ್ಲ.

ಎರಡೇ ದಿನದಲ್ಲಿ ಬಾಗಿಲು ಹೊಸದರಂತಾಯಿತು. ಮನೆಗೆ ಬರುತ್ತಾ ಅವಳು ಒಂದು ವಾರದ ಉಸಿರನ್ನು ಒಮ್ಮೆಗೇ ಬಿಟ್ಟಳು. ಪೀಡೆ ತೊಲಗಿತು!

ಆದರೂ ಫೋನ್ ಸದ್ದಾದಾಗಲೆಲ್ಲ ಅವನೇ ಇರಬೇಕೆಂದು ಓಡಿ ನೋಡುತ್ತಿದ್ದಳು. ಬೈಯಲಾದರೂ ಫೋನ್ ಮಾಡಬಾರದೇ ಆ ಮನುಷ್ಯ? ಅವನು ಮಾಡಲಿಲ್ಲ.

* * *

ಶನಿವಾರ ಮಧ್ಯಾಹ್ನ ಫೋನ್ ಬಂದದ್ದು ಸುತ್ತಿಗೆಯಣ್ಣನಿಂದ.

"ಏನ್ ಕೆಲಸ ಮಾಡಿದ್ರಿ ಮೇಡಂ ನೀವು? ಸರ್‌ನ ಕೆಲಸದಿಂದ ನಿಲ್ಲಿಸಿದ್ದಾರೆ!"

"ಏನು?... ಯಾಕೆ?"

"ಯಾರೋ ಆಫೀಸಿಗೆ ದೂರು ಹಾಕಿದ್ದಾರೆ. ನಮ್ಮ ಬಿಲ್ ಪಾಸ್ ಮಾಡೋ ಸರ್ವೇಯರ್, ನಮ್ಮ ಗ್ಯಾರೇಜಲ್ಲೇ ಬಿಟ್ಟಿ ರಿಪೇರಿ ಮಾಡಿಸ್ಕೊಂಡ್ರು ಅಂತ. ಬಿಲ್ ತೋರ್ಸಿ ಅಂದ್ರೆ ಎಲ್ಲಿಂದ ತೋರಿಸ್ಲಿ? ನೀವೇ ಬೇಡ ಅಂದ್ರಲ್ಲ!"

"ನಾನು ಕೊಟ್ಟೆ ಅಂತ ಹೇಳ್ಬೇಕಿತ್ತು ಅಣ್ಣಾ!"

"ಹೇಳೋಕೆ ಹೋದೆ. ಸರ್ ನನ್ನ ಕೈ ಹಿಡ್ಕೊಂಡು, ಆ ಹುಡುಗಿ ಹೆಸರು ಎತ್ತಬೇಡಿ ಅಂದ್ರು. ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಕೆಲಸ ಹೋದ ಹಾಗೇ ಲೆಕ್ಕ."

ಉಪಕಾರವೂ ಅಲ್ಲ, ಅಪಕಾರವೂ ಅಲ್ಲ ಎಂದುಕೊಂಡು ಮಾಡಿದ್ದು ಒಬ್ಬನ ಅನ್ನಕ್ಕೇ ಕಲ್ಲು ಹಾಕಿತ್ತು.

ಕಾರ್ಡಿನ ಹಿಂದಿದ್ದ ವಿಳಾಸ ಹುಡುಕಿಕೊಂಡು ಹೋದಳು. ಮಹಡಿಯ ಮೇಲಿನ ಒಂಟಿ ಕೋಣೆ. ಬಾಗಿಲು ತೆರೆದವನ ಮುಖದಲ್ಲಿ, ಕೆಲಸದ ದಿನ ನಡುಹಗಲಲ್ಲಿ ಮನೆಯಲ್ಲಿ ಸಿಕ್ಕಿಬಿದ್ದ ಗಂಡಸಿನ ನಾಚಿಕೆಯಿತ್ತು. ಅವಳನ್ನು ನೋಡಿದ್ದೇ ಅದು ಸಿಟ್ಟಾಯಿತು.

"ಯಾಕೆ ಬಂದ್ರಿ? ಇನ್ನೇನಾದ್ರೂ ರಿಪೇರಿ ಮಾಡಿಸೋದಿದೆಯಾ?"

"ನನ್ನಿಂದ ತಪ್ಪಾಯ್ತು... ನಂಗೆ ಗೊತ್ತಿರಲಿಲ್ಲ..."

"ಒಂಬತ್ತು ವರ್ಷ ರೀ! ಒಬ್ಬರ ಹತ್ರ ಒಂದು ಲೋಟ ಕಾಫಿಗೆ ಕೈ ಚಾಚಿಲ್ಲ ನಾನು. ಯಾರು ಕೇಳಿದ್ರು ನಿಮ್ಮನ್ನ, ನನ್ನ ಬಾಗಿಲು ಸರಿ ಮಾಡ್ಸಿ ಅಂತ?"

"ಹಾಗಾದ್ರೆ ಹೇಳಿಬಿಡಿ ಅವರಿಗೆ! ನಾನು ದುಡ್ಡು ಕೊಟ್ಟೆ ಅಂತ!"

"ಯಾಕೆ ಕೊಟ್ರು ಅಂತ ಕೇಳ್ತಾರೆ. ಕದ್ದು ಯಾಕೆ ಕೊಟ್ರು ಅಂತ ಕೇಳ್ತಾರೆ. ಆಗ ಏನ್ ಹೇಳ್ಲಿ?"

ಕೆಳಗೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ನನ್ನ ಕೆಲಸ ಉಳಿಸ್ಕೊಳ್ಳೋಕೆ ನಿಮ್ಮಪ್ಪನ್ನ ಕೊಡಬೇಕಾ?" ಅವನ ದನಿಯಲ್ಲಿದ್ದ ಸಿಟ್ಟು ಸೋರಿಹೋಯಿತು. "ಅವರ ವಿಷಯ ನಾನು ಆಫೀಸಲ್ಲಿ ನಿಂತು ಹೇಳೋದಲ್ಲ. ಮಗಳು ಮನೇಲಿ ಕೂತು ಹೇಳಬೇಕಾದ್ದು. ಅದೂ ನನಗೋಸ್ಕರ ಅಲ್ಲ."

"ಮತ್ತೆ?"

"ನಾನು ದಿನಾ ಜಜ್ಜಿ ಹೋದ ಗಾಡಿ ನೋಡ್ತೀನಿ. ತಗಡು ನೋಡಿ ನಂಗೇನೂ ಅನ್ಸಲ್ಲ. ಒಳಗೆ ಬಿದ್ದಿರುತ್ತಲ್ಲ... ಊಟದ ಡಬ್ಬಿ. ಯಾರದೋ ಕನ್ನಡಕ. ಒಂದ್ಸಲ ಇಷ್ಟೇ ಇಷ್ಟು ಶೂ, ಒಂದೇ ಕಾಲಿಂದು." ಅವನು ಬೆರಳಲ್ಲಿ ಅಳತೆ ತೋರಿಸಿದ.

ಅವಳು ಮೆಟ್ಟಿಲಿಳಿದಳು. ಕಾಗದದ ಮೇಲೆ ಬದುಕುವವನು ಅಂದಿದ್ದೆನಲ್ಲ ಇವರನ್ನ!... ಇಡೀ ದಾರಿ ಆ ಒಂದು ಮಾತು ಅವಳ ಹಿಂದೆಯೇ ನಡೆದು ಬಂತು.

ಭಾನುವಾರ ಪೂರ್ತಿ ಬಾಯಿ ತೆರೆಯಲು ನೋಡಿದಳು. ಅಪ್ಪ ಹಳೇ ವಿದ್ಯಾರ್ಥಿಗಳ ಕಥೆ ಹೇಳಿ ನಗುತ್ತಿದ್ದರು. ಅವಳೂ ನಕ್ಕಳು. ಬಾಯಿ ಮಾತ್ರ ತೆರೆಯಲಿಲ್ಲ.

* * *

ಸೋಮವಾರ ಬೆಳಿಗ್ಗೆ ಎಂಟೂವರೆ.

ಸ್ಕೂಲೆಂದರೆ ಒಂದೇ ಕೋಣೆ. ಗೋಡೆಯ ತುಂಬ ರಸ್ತೆಯ ಚಿಹ್ನೆಗಳು, ಒಂದು ಮೇಜು, ನಾಲ್ಕು ಕುರ್ಚಿ. ಹೊರಗೆ ಕಾರಿನ ಪಕ್ಕ, ಹೊಸದಾಗಿ ಸೇರಿದ್ದ ನರ್ಸಮ್ಮ ಪಾಠಕ್ಕೆ ಕಾಯುತ್ತಾ ನಿಂತಿದ್ದರು. ಅಪ್ಪ ಕೀಲಿ ತೆಗೆದುಕೊಂಡರು.

"ಇವತ್ತು ನಾನೇ ಕರ್ಕೊಂಡು ಹೋಗ್ತೀನಿ. ಮೊದಲ ದಿನ ಅಲ್ವಾ, ದೊಡ್ಡ ಮೈದಾನದವರೆಗೆ ನಾನೇ ಓಡಿಸ್ತೀನಿ."

ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬೇಡ ಅಪ್ಪಾ."

"ಮತ್ತೆ ಕ್ಲಚ್ ಕೆಟ್ಟಿದೆಯಾ?" ಅಪ್ಪ ನಕ್ಕರು.

"ಕ್ಲಚ್ ಸರಿಯಾಗೇ ಇದೆ. ಯಾವತ್ತೂ ಕೆಟ್ಟಿರಲಿಲ್ಲ." ಅವಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. "ನಿಮಗೆ ಕಣ್ಣು ಕಾಣ್ತಿಲ್ಲ ಅಪ್ಪಾ."

ಅಪ್ಪನ ನಗು ಆರಿತು.

"ಯಾರಿಗೆ ಹೇಳ್ತಿದ್ದೀಯ ನೀನು? ನಿನಗೆ ಸ್ಟೀರಿಂಗ್ ಹಿಡಿಯೋದು ಕಲಿಸಿದೋನಿಗೆ? ಅವತ್ತು ಅವನೇ ಅಡ್ಡ ಬಂದ. ದಾರಿ ಬಿಡು!"

"ಎದುರಿಗಿರೋ ಅಂಗಡಿ ಬೋರ್ಡ್ ಓದಿ. ಓದಿದ್ರೆ ಬಿಡ್ತೀನಿ."

ಅಪ್ಪ ರಸ್ತೆಯ ಆಚೆಗೆ ನೋಡಿದರು. ಒಂದು ಕ್ಷಣವೂ ತಡೆಯಲಿಲ್ಲ.

"ಹೊಲಿಗೆ ಮೆಷಿನ್ ಮಾರಾಟ ಮತ್ತು ರಿಪೇರಿ. ಆಯ್ತಾ? ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ಸರಿ ಈಗ."

ಅವಳು ಸರಿಯಲಿಲ್ಲ. ಕಣ್ಣೀರು ಕೆನ್ನೆಗಿಳಿಯಿತು.

"ಅದು ಹೋಗಿ ತಿಂಗಳಾಯ್ತು ಅಪ್ಪಾ. ಈಗ ಅಲ್ಲಿ ಚಪ್ಪಲಿ ಅಂಗಡಿ ಇದೆ. ಬೋರ್ಡ್ ಪೂರ್ತಿ ಕೆಂಪು."

ಅಪ್ಪ ಕೈ ಚಾಚಿ, ಕುರ್ಚಿಯ ಬೆನ್ನನ್ನು ತಡವಿ, ನಿಧಾನವಾಗಿ ಕೂತರು. ಕೀಲಿಯನ್ನು ಮೇಜಿನ ಮೇಲಿಟ್ಟರು.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಎರಡು ತಿಂಗಳಿಂದ."

"ನನಗೆ ಒಂದು ವರ್ಷದಿಂದ."

ಅವಳು ಬಿಕ್ಕಿದಳು.

"ನಡುವೆ ಮಸಿ ಬಳಿದ ಹಾಗೆ ಕಾಣುತ್ತೆ ಕಣಮ್ಮಾ. ನಿನ್ನ ಮದುವೆ ಒಂದು ಆಗೋವರೆಗೆ ಹೇಗೋ ಎಳೆದುಬಿಡೋಣ ಅನ್ಕೊಂಡೆ. ಯಾರಿಗೆ ಹೇಳಲಿ? ನಿನಗೆ ಹೇಳಿದ್ರೆ ನೀನು ಅಳ್ತೀಯ ಅಂತ..."

"ನಾನು ಹೇಳಿದ್ರೆ ನೀವು ಮುರಿದು ಹೋಗ್ತೀರಿ ಅಂತ..."

ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ, ಮೂರನೆಯವನ ಕುತ್ತಿಗೆಗೆ ತಂದಿಟ್ಟಿದ್ದರು. ಅವಳು ಒಂದನ್ನೂ ಬಿಡದೆ ಹೇಳಿದಳು. ಕವರ್, ಕ್ಯಾಂಟೀನ್, ಸುತ್ತಿಗೆಯಣ್ಣ, ಹನ್ನೊಂದು ಗಂಟೆಯ ವಿಚಾರಣೆ, ಎಲ್ಲವನ್ನೂ. ಅಪ್ಪ ತಲೆತಗ್ಗಿಸಿ ಕೇಳಿದರು.

"ಗುದ್ದಿದೋನು ಮೊದಲು ಕೆಳಗೆ ಇಳೀಬೇಕು ಅಂತ ಇಪ್ಪತ್ತೆಂಟು ವರ್ಷ ಕಲಿಸಿದ್ದೀನಿ. ಅವತ್ತು ನಾನೇ ಇಳೀಲಿಲ್ಲ. ಮಗಳನ್ನ ಇಳಿಸಿ ಕೂತೆ." ಅವರು ಎದ್ದರು. "ನರ್ಸಮ್ಮನಿಗೆ ನಾಳೆ ಬರೋಕೆ ಹೇಳಿ ಗಾಡಿ ತೆಗಿ. ನೀನು ಓಡ್ಸು."

ಕಾರು ಹತ್ತುವಾಗ ಒಂದೇ ಮಾತು ಕೇಳಿದರು. "ಆ ಹುಡುಗ ಬಾಯಿ ಮುಚ್ಕೊಂಡಿರೋದು ನನಗೋಸ್ಕರಾನಾ?"

ಅವಳು ಸೀಟು ಮುಂದಕ್ಕೆ ಎಳೆದುಕೊಂಡಳು.

* * *

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಇಬ್ಬರು ಅಧಿಕಾರಿಗಳಿದ್ದರು. ಈಚೆ ಅವನೊಬ್ಬನೇ.

"ಕೊನೇ ಸಲ ಕೇಳ್ತಿದ್ದೀವಿ. ದುಡ್ಡು ಕೊಟ್ಟವರು ಯಾರು?" ಹಿರಿಯ ಅಧಿಕಾರಿಣಿ ಕೇಳುತ್ತಿದ್ದರು.

"ನನಗೆ ಹೇಳೋಕಾಗಲ್ಲ ಮೇಡಂ."

"ಹಾಗಿದ್ರೆ ನಮ್ಮ ಮುಂದೆ ಬೇರೆ ದಾರಿ ಇಲ್ಲ."

"ಇದೆ!" ಬಾಗಿಲಲ್ಲಿ ದನಿ ಕೇಳಿತು.

ಅವನು ತಿರುಗಿ ನೋಡಿದ. ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಮೇಷ್ಟ್ರು ನಿಂತಿದ್ದರು.

"ಗಾಡಿ ಓಡಿಸ್ತಿದ್ದೋನು ನಾನು. ನನಗೆ ಸರಿಯಾಗಿ ಕಣ್ಣು ಕಾಣಲ್ಲ," ಎಂದರು ಅಪ್ಪ, ಪಾಠ ಹೇಳುವ ಅದೇ ಗಟ್ಟಿ ದನಿಯಲ್ಲಿ. "ಅದನ್ನ ಮುಚ್ಚೋಕೆ ನನ್ನ ಮಗಳು ದುಡ್ಡು ಕೊಟ್ಟಳು. ಈ ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಫಾರಂ ಕೊಡಿ."

ಅವನು ಎದ್ದು ನಿಂತುಬಿಟ್ಟಿದ್ದ. "ಸರ್, ನೀವು ಇದನ್ನ ನನಗೋಸ್ಕರ..."

"ಕೂತ್ಕೋಪ್ಪಾ. ನಾನು ಮೇಷ್ಟ್ರು. ಮಧ್ಯೆ ಮಾತಾಡಿದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ."

ಹಿರಿಯ ಅಧಿಕಾರಿಣಿ ನಗು ತಡೆದುಕೊಂಡು ಫಾರಂ ಮುಂದಿಟ್ಟರು. ಅಪ್ಪನ ಪೆನ್ನು ಕಾಗದದ ಮೇಲೆ ಜಾಗ ಹುಡುಕಿತು. ಸಿಗಲಿಲ್ಲ. ಅವಳು ಅಪ್ಪನ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟಳು. ಹತ್ತು ದಿನ ಅವಳು ಯಾವ ಸಾಲಿಗೆ ಹೆದರಿ ಸತ್ತಿದ್ದಳೋ, ಅದೇ ಸಾಲು. ಅಪ್ಪ ತಮ್ಮ ಹೆಸರನ್ನು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದರು. ಕೆಳಗೆ ಸಹಿ ಮಾಡಿದರು. ಆಮೇಲೆ ಜೇಬಿನಿಂದ ಲೈಸೆನ್ಸ್ ತೆಗೆದು, ಒಮ್ಮೆ ಬೆರಳಿನಿಂದ ಸವರಿ, ಮಗಳ ಕೈಗೆ ಕೊಟ್ಟರು.

"ಇದನ್ನ ವಾಪಸ್ ಕೊಟ್ಟು ಬರೋಣ. ಹಾಗೇ ಕಣ್ಣಿನ ಡಾಕ್ಟರ ಹತ್ರಾನೂ ಹೋಗೋಣ. ಹೋಗಿದ್ದು ಬರದಿದ್ರೂ ಉಳಿದಿದ್ದನ್ನಾದ್ರೂ ಉಳಿಸ್ಲಿ. ಸ್ಕೂಲು ಇನ್ನು ನಿಂದು. ನಾನು ಕೋಣೇಲಿ ಕೂತು ರಸ್ತೆ ನಿಯಮ ಹೇಳ್ಕೊಡ್ತೀನಿ. ಅದಕ್ಕೆ ಕಣ್ಣು ಬೇಡ."

ಅವಳು ಅಪ್ಪ ಮುರಿದುಹೋಗುತ್ತಾರೆಂದು ಕಾದಳು. ಅಪ್ಪ ಮುರಿಯಲಿಲ್ಲ. ವರ್ಷದಿಂದ ಹೊತ್ತ ಮೂಟೆಯನ್ನು ಇಳಿಸಿದವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು.

* * *

ಅರ್ಧ ಗಂಟೆಯ ನಂತರ ಅವನು ಆಫೀಸಿನ ಮೆಟ್ಟಿಲಿಳಿದು ಬಂದ. ಅಪ್ಪ ಕಾರಿನಲ್ಲಿ ಕೂತಿದ್ದರು. ಅವಳು ಬೇಕೆಂದೇ ತುಸು ದೂರದಲ್ಲಿ ನಿಂತಿದ್ದಳು.

"ಏನಂದ್ರು?"

"ನಾಳೆಯಿಂದ ಕೆಲಸಕ್ಕೆ ಬನ್ನಿ ಅಂದ್ರು. ಫಾರಂ ತಡ ಮಾಡಿದ್ದಕ್ಕೆ ಎಚ್ಚರಿಕೆ ಪತ್ರ. ಅದು ನ್ಯಾಯವೇ."

"ನನ್ನನ್ನ ಕ್ಷಮಿಸ್ತೀರಾ?" ಅವಳು ನೆಲ ನೋಡುತ್ತಾ ಕೇಳಿದಳು. "ಈ ಹತ್ತು ದಿನ ನಿಮ್ಮನ್ನ ಬೈಕೊಂಡಷ್ಟು ಜೀವಮಾನದಲ್ಲಿ ಯಾರನ್ನೂ ಬೈದಿಲ್ಲ. ಬೈಯೋ ನೆಪದಲ್ಲಿ... ಅಷ್ಟು ಹೊತ್ತು ಇನ್ಯಾರನ್ನೂ ನೆನೆಸ್ಕೊಂಡೂ ಇಲ್ಲ."

ಅವನು ಜೇಬಿನ ಪೆನ್ನು ತೆಗೆದ, ಮತ್ತೆ ಅಲ್ಲೇ ಇಟ್ಟ.

"ಒಂದು ಸಮಸ್ಯೆ ಇದೆ," ಎಂದ.

"ಇನ್ನೇನು?"

"ಕೊನೇಲಿ ಮೇಡಂ ಒಂದು ಪ್ರಶ್ನೆ ಕೇಳಿದ್ರು. ಈ ಹುಡುಗಿಗೋಸ್ಕರ ಕೆಲಸ ಕಳ್ಕೊಳ್ಳೋಕೆ ತಯಾರಾಗಿದ್ರಲ್ಲ, ಈಕೆ ನಿಮಗೆ ಯಾರು ಅಂತ. ಉತ್ತರ ಬರೆದು ಕೊಡಬೇಕಂತೆ."

"ನೀವೇನಂದ್ರಿ?"

"ಸಾಯಂಕಾಲದವರೆಗೆ ಟೈಮ್ ಕೇಳಿದೆ." ಅವನು ಮೊದಲ ಸಲ ಅವಳನ್ನು ನೋಡಿ ನಕ್ಕ. ನಿದ್ದೆಗೆಟ್ಟ ಆ ಕಣ್ಣುಗಳಲ್ಲಿ ಹೆದರಿಕೆಯೂ ಇತ್ತು. "ಯಾರೂ ಅಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ. ಕ್ಯಾಂಟೀನಲ್ಲಿ ನೀವು ಎದ್ದು ಹೋದಾಗಿನಿಂದ ಅದು ಸುಳ್ಳೇ. ನಿಜ ಬರೀಬೇಕು ಅಂದ್ರೆ ನಿಮ್ಮ ಒಪ್ಪಿಗೆ ಬೇಕು."

ಅವಳು ತಲೆಯೆತ್ತಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ನಿಲ್ಲುತ್ತಿರಲಿಲ್ಲ.

"ಸಾಯಂಕಾಲದವರೆಗೆ ಯಾಕೆ ಕಾಯ್ತೀರಿ? ಈಗಲೇ ಮೇಲೆ ಹೋಗಿ ಬರೆದು ಕೊಟ್ಟು ಬನ್ನಿ."

"ಏನಂತ ಬರೀಲಿ?"

"ನಾನು ಮದುವೆ ಆಗೋ ಹುಡುಗಿ ಅಂತ."

ಅವನು ಎರಡು ಮೆಟ್ಟಿಲು ಹತ್ತಿ, ನಿಂತು, ತಿರುಗಿದ. "ಒಂದೇ ನಿಮಿಷ. ನಿಮ್ಮ ತಂದೆಯನ್ನ ಕೇಳೋದು ಬೇಡ್ವಾ?"

ಕಾರಿನ ಕಿಟಕಿಯಿಂದ ಮೇಷ್ಟ್ರ ದನಿ ಬಂತು. "ನನಗೆ ಕಣ್ಣು ಕಾಣಲ್ಲ ಅಷ್ಟೇ ಕಣಪ್ಪಾ, ಕಿವಿ ಚೆನ್ನಾಗೇ ಕೇಳುತ್ತೆ. ಹೋಗಿ ಬರಿ!"

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಕಾಯ್ತಿರ್ತೀರಾ?" ಅವನು ಮೆಲ್ಲಗೆ ಕೇಳಿದ.

"ಕಾಯ್ತೀನಿ," ಎಂದಳು ಅವಳು. "ನಿಧಾನಕ್ಕೆ ಬರೆದು ಬನ್ನಿ. ಎಲ್ಲೂ ಹೋಗಲ್ಲ ನಾನು."